ಎಡಗೈಗೆ ಹೊಲಿದ ಕುಬಸ

ಒಮ್ಮೆ ಉಟ್ಟ ಮೇಲೆ ಮತ್ತೆ ಸೀರೆಯ ಕಡೆ ಕೈ ಹೋಗಬಾರದು ಎನ್ನುವುದು ಅವ್ವನ ಕ್ರಮವಾಗಿತ್ತು. ಬೆಳಗ್ಗೆ ಉಟ್ಟರೆ ಮಲಗುವವರೆಗೆ ಅವಳು ನಿರಿಗೆ ಸರಿಮಾಡಿಕೊಂಡದ್ದನ್ನಾಗಲಿ, ಸೆರಗು ಎಳೆದುಕೊಂಡದ್ದನ್ನಾಗಲಿ ನಾನು ನೋಡಿಲ್ಲ. ಹದಿನಾರು ಮೊಳದ ಕೈಮಗ್ಗದ ಸೀರೆ, ಎದೆಯ ಕೆಳಗೆ ಗಂಟು ಹಾಕುವ ಖಣದ ಕುಬಸ. ಬಾಗಿ ಕಸ ಗುಡಿಸಿದರೂ, ಬಾವಿಯಿಂದ ಕೊಡ ಎತ್ತಿದರೂ ತಲೆಯ ಮೇಲಿನ ಸೆರಗು ಇದ್ದಲ್ಲೇ ಇರುತ್ತಿತ್ತು.

ಅವಳು ಉಡುವುದನ್ನು ಕೂಡ ನಾನು ನೋಡಿರಲಿಲ್ಲ. ಬಚ್ಚಲಿನ ಪಕ್ಕದ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ, ಬರುವಾಗ ಎಲ್ಲ ಮುಗಿಸಿಕೊಂಡೇ ಬರುತ್ತಿದ್ದಳು.

ಮೈಸೂರಿಗೆ ಓದಲು ಹೋದ ನಾನು ಆರು ಗಜದ ಸೀರೆ, ಒಳಲಂಗ, ಪಿನ್ನು ಕಲಿತು ರಜೆಗೆ ಶಿಕಾರಿಪುರಕ್ಕೆ ಬಂದೆ. ಅವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು.

"ಘಳಿಗೆಗೊಂದು ಸಲ ಸೆರಗು ಮುಟ್ಕೊಂಡ್ರೆ ಓದೋದು ಯಾವಾಗ್ಲೇ?" ಅಂದಳು.

ಬಿ.ಎ. ಮುಗಿದ ಮೇಲೆ ಸೊರಬದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಅವ್ವ ನನ್ನ ಟ್ರಂಕಿನಿಂದ ತಿಳಿಬಣ್ಣದ ಸೀರೆಗಳನ್ನೆಲ್ಲ ತೆಗೆದಿಟ್ಟು, ಅಂಚು ದಪ್ಪಗಿರುವ ಗಾಢ ಬಣ್ಣದವನ್ನು ತುಂಬಿದಳು. ಸೊರಬದ ಕೆಸರಿಗೆ ಕಾಲು ಗಂಟಿನ ಮೇಲಕ್ಕೆ ಉಡಬೇಕು, ಬೋರ್ಡಿನ ಕಡೆ ಕೈ ಎತ್ತುವವಳು ಸೆರಗು ಬಿಡಬಾರದು, ಸುತ್ತಿ ಸೊಂಟಕ್ಕೆ ಸಿಕ್ಕಿಸಬೇಕು ಎಂದು ಹೇಳಿ ಕಳಿಸಿದಳು. ಹಾಗೆಯೇ ಮಾಡಿದೆ. ಕೆಲವು ದಿನಗಳಲ್ಲಿ ನನಗೂ ಉಟ್ಟದ್ದು ಮರೆತುಹೋಗತೊಡಗಿತು.

ಆ ಕಾರ್ತಿಕದಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಮಾತು ಒಂದು ವಾರದಲ್ಲಿ ಮರಳಿತು. ಕಾಲು ಸಂಕ್ರಾಂತಿಯ ಹೊತ್ತಿಗೆ ಗೋಡೆ ಹಿಡಿದು ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು.

ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸೊರಬದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹಿಡಿದು ಮನೆ ಸೇರುತ್ತಿದ್ದೆ. ಹಾಗೆ ಬಂದ ಒಂದು ಭಾನುವಾರ ಬೆಳಗ್ಗೆ ಬಚ್ಚಲಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವ್ವ ಹಳೆಯ ಸೀರೆಯೊಂದನ್ನು ಮೈಗೆ ಸುತ್ತಿಕೊಂಡು, ಒದ್ದೆ ಕೂದಲಲ್ಲಿ ಮಣೆಯ ಮೇಲೆ ಕೂತಿದ್ದಳು. ಸ್ನಾನ ಮುಗಿದು ಬಹಳ ಹೊತ್ತಾಗಿತ್ತು. ನೆಲ ಆರಿತ್ತು.

"ಯಾಕವ್ವ ಹಿಂಗೆ ಕೂತೀಯ?"

"ನಿಮ್ಮತ್ತೆ ಹಾಲು ಕರೆಯಾಕ್ ಹೋಗ್ಯಾಳೆ. ಬರ್ತಾಳೆ."

ಅತ್ತೆಯೆಂದರೆ ಅಪ್ಪನ ಅಕ್ಕ, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದವಳು. ಕೊಟ್ಟಿಗೆ, ಒಲೆ, ನೀರು ಎಲ್ಲ ಈಗ ಅವಳ ಮೇಲೇ ಬಿದ್ದಿತ್ತು. ಕೆಲಸ ಮುಗಿಸಿ ಬಂದು ಅವ್ವನಿಗೆ ಕುಬಸದ ಗಂಟು ಹಾಕಿ ಸೀರೆ ಉಡಿಸಬೇಕು. ಉಟ್ಟಲ್ಲದೆ ಅವ್ವ ಲಿಂಗಪೂಜೆಗೆ ಕೂರುವವಳಲ್ಲ. ಪೂಜೆಯಾಗದೆ ಒಂದು ಗುಟುಕು ಕಾಫಿಯನ್ನೂ ಬಾಯಿಗೆ ಹಾಕುವವಳಲ್ಲ. ಅಪ್ಪ ಬೆಳಗಾಗುವ ಮೊದಲೇ ಗದ್ದೆಗೆ ಹೋಗುತ್ತಿದ್ದರು. ಇದ್ದಿದ್ದರೂ ಅದು ಅವರ ಕೈಯಲ್ಲಿ ಆಗುವ ಕೆಲಸವೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

"ಕರೀಬಾರದಾ ಅತ್ತೇನ?"

"ಎಮ್ಮೆ ಕೆಚ್ಚಲು ಬಿಟ್ಟು ಬರಾಕ್ ಆಗ್ತೈತಾ?" ಎಂದು ಅವ್ವ ನೆಲದ ಕಡೆ ನೋಡಿದಳು. ಅವತ್ತು ನಾನೇ ಗಂಟು ಹಾಕಿದೆ. ನನ್ನ ಬೆರಳು ತಗುಲಿದಾಗಲೆಲ್ಲ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಮುಗಿದ ಮೇಲೆ, "ನಿಂಗೂ ಈ ಕೆಲಸ ಬಂತಾ," ಎಂದಳು, ನನಗೆ ಹೇಳಿದ ಹಾಗೆ ಅಲ್ಲ.

ಸೊರಬಕ್ಕೆ ಹಿಂದಿರುಗುವಾಗ ಅವಳ ಒಂದು ಸೀರೆ, ಒಂದು ಕುಬಸ ಚೀಲದಲ್ಲಿಟ್ಟುಕೊಂಡೆ. ಸೀರೆಯನ್ನು ಎರಡಾಗಿ ಕತ್ತರಿಸಿ, ಒಂದು ತುಂಡಿಗೆ ನಿರಿಗೆಗಳನ್ನು ಹಿಡಿದು ಸೊಂಟದ ಪಟ್ಟಿಗೆ ಹೊಲಿದೆ, ಇನ್ನೊಂದನ್ನು ಸೆರಗಿಗೆ ಬಿಟ್ಟೆ. ಎಡಪಕ್ಕಕ್ಕೆ ಒಂದು ಕೊಂಡಿ ಇಟ್ಟೆ. ಸುತ್ತಿ ಸಿಕ್ಕಿಸಿದರೆ ಮುಗಿಯಬೇಕು. ಕುಬಸದ ಗಂಟು ಬಿಚ್ಚಿ ಆ ಜಾಗಕ್ಕೆ ಟಿಚ್ ಬಟನ್ ಹಚ್ಚಿದೆ, ನನ್ನ ಜಾಕೀಟಿಗೆ ಇರುವಂತೆ, ಎದೆಯ ನಡುವೆ.

ಮುಂದಿನ ವಾರ ಮನೆಗೆ ತಂದಾಗ ಅತ್ತೆ ಬಿಚ್ಚಿ ನೋಡಿದಳು. "ಮುತ್ತೈದೆ ಉಟ್ಟ ಸೀರೆಗೆ ಕತ್ತರಿ ಹಾಕಿದ್ಯಲ್ಲೇ. ಮೈಸೂರಾಗೆ ಇದನ್ನೇ ಕಲಿಸಿದ್ರೇನು?"

"ಹರಿದ್ರೆ ತೊಟ್ಟಿಲಿಗೆ ಕತ್ತರಿಸಲ್ವಾ ಅತ್ತೆ?"

"ಅದು ಹರಿದ ಮ್ಯಾಲೆ. ಇದು ಹರಿದಿತ್ತಾ?"

ಅವ್ವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಒಳಗಿನಿಂದ ಬಟನ್ ಕೂರುವ ಸದ್ದು ಬರಲೇ ಇಲ್ಲ. ಕೊನೆಗೆ ಅವಳು ಅತ್ತೆಯನ್ನೇ ಕರೆದಳು.

ಸೊರಬದ ನನ್ನ ಕೋಣೆಯಲ್ಲಿ ನಾನು ಬಲ ಅಂಗೈಗೆ ಬಟ್ಟೆ ಸುತ್ತಿ ಬಿಗಿದು, ಆ ಕೈಯನ್ನು ಜೋತುಬಿಟ್ಟು ಜಾಕೀಟು ತೊಡಲು ನೋಡಿದೆ. ಆಗ ತಿಳಿಯಿತು. ಎದೆಯ ನಡುವೆ ಒತ್ತಿದರೆ ಬಟ್ಟೆ ಮೆತ್ತಗೆ ಒಳಗೆ ಹೋಗುತ್ತದೆ. ಹಿಂದೆ ಆಸರೆಯಾಗಿ ಏನೂ ಇಲ್ಲ. ಆಸರೆ ಕೊಡಲು ಇನ್ನೊಂದು ಕೈ ಬೇಕು. ಅದೇ ಬಟನ್ನನ್ನು ಎಡಪಕ್ಕೆಗೆ ತಂದರೆ ಎಲುಬು ಆಸರೆ ಕೊಡುತ್ತದೆ, ಹೆಬ್ಬೆರಳು ಒಂದೇ ಸಾಕು. ಕೊರಳಿನಿಂದ ಇಳಿಬಿದ್ದ ಲಿಂಗದ ಕರಡಿಗೆಗೂ ಅಲ್ಲಿ ಏನೂ ತಗುಲುವುದಿಲ್ಲ. ಬಲತೋಳನ್ನು ಅಗಲ ಮಾಡಬೇಕು, ಸೋತ ಕೈಯನ್ನೇ ಮೊದಲು ತೂರಿಸಬೇಕು. ಇಷ್ಟನ್ನು ಕಂಡುಕೊಂಡು ಆ ಕುಬಸವನ್ನೇ ಬಿಚ್ಚಿ ಮತ್ತೆ ಹೊಲಿಯಲು ನನಗೆ ಆ ವಾರದ ಸಂಜೆಗಳೆಲ್ಲ ಹಿಡಿದವು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಕಂಡು, "ಕೈಗೆ ಎಂತ ಆಯ್ತು ಮಾರಾಯ್ತಿ?" ಎಂದು ಕೇಳಿದರು. ಉಳುಕಿದೆ ಎಂದೆ.

ಮುಂದಿನ ಭಾನುವಾರ ಅವ್ವ ಬಾಗಿಲು ಹಾಕಿಕೊಂಡಾಗ ನಾನು ಹೊರಗೆ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿದೆ. ಸುಲಿದು ಮುಗಿದ ಮೇಲೂ ಸಿಪ್ಪೆಗಳಲ್ಲಿ ಕೈಯಾಡಿಸುತ್ತಾ ಕೂತಿದ್ದೆ. ಆಮೇಲೆ ಅವ್ವ ಬಂದಳು. ಕುಬಸ ಕೂತಿತ್ತು, ನಿರಿಗೆ ನೇರವಾಗಿತ್ತು, ಸೆರಗು ತಲೆಯ ಮೇಲಿತ್ತು. ಹಣೆಯಲ್ಲಿ ಬೆವರು.

ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿ, "ಬಂದ್ಲಪ್ಪ ದೊರೆಸಾನಿ," ಎಂದಳು.

"ಹೂಂ, ಕಾಫಿ ಇಡು," ಎಂದಳು ಅವ್ವ. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು.

ಆದರೆ ಅವಳು ಪೂಜೆಗೆ ಕೂತದ್ದು ನೋಡಿ ಅತ್ತೆಯ ನಗು ನಿಂತಿತು. ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ವಿಭೂತಿ, ಪತ್ರೆ ಏರಿಸಬೇಕು. ಅಲ್ಲಿಯವರೆಗೆ ಬಲಗೈಯ ಕೆಲಸವನ್ನು ಅತ್ತೆಯೇ ಮಾಡುತ್ತಿದ್ದಳು. ಆ ದಿನ ಅವ್ವ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಅಂಗಾತ ಇಟ್ಟು, ಬೆರಳುಗಳನ್ನು ಬಿಡಿಸಿ, ಅದರ ಮೇಲೆ ಲಿಂಗವನ್ನು ಕೂರಿಸಿದಳು. ಎಡಗೈಯಿಂದ ವಿಭೂತಿ ಹಚ್ಚಿದಳು.

"ಎಡಗೈ ಪೂಜೆ ಎಲ್ಲಾದ್ರೂ ಉಂಟಾ?"

"ಕೂರೋ ಕೆಲಸ ಬಲಗೈ ಮಾಡ್ತೈತೆ ಅಕ್ಕ. ಉಳಿದಿದ್ದು ಇದು ಮಾಡ್ಲಿ."

ಆಮೇಲೆ ಮಳೆಗಾಲ ಮುಗಿಯುವವರೆಗೆ ಅವ್ವ ತಾನೇ ಉಟ್ಟಳು, ತಾನೇ ಪೂಜೆ ಮಾಡಿಕೊಂಡಳು. ಒಗೆದೂ ಒಗೆದೂ ಆ ಕುಬಸದ ಬಣ್ಣ ಹೋಗುತ್ತ ಬಂತು. ಇನ್ನೆರಡು ಹೊಲಿದುಕೊಟ್ಟೆ. ಒಮ್ಮೆ ನಾನು ಸಹಾಯಕ್ಕೆ ಕೈ ಮುಂದೆ ಮಾಡಿದಾಗ ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಾ ಹಾಕ್ಕೋತೀನಿ," ಎಂದಳು. ಆ ಮಾತು ಕೇಳಿ ನನಗೆ ಆದಷ್ಟು ಸಮಾಧಾನ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ದೀಪಾವಳಿಗೆ ಮೊದಲು, ನಾನು ತರಗತಿಯಲ್ಲಿದ್ದಾಗ, ಬಸ್ಸಿನವರ ಕೈಲಿ ಸುದ್ದಿ ಬಂತು. ಎರಡನೆಯ ಸಲ ಹೊಡೆದಿತ್ತು. ನಾನು ಹೋಗಿ ಸೇರುವ ಹೊತ್ತಿಗೆ ಅವ್ವ ಇರಲಿಲ್ಲ.

ಅವ್ವನ ತವರು ತೊಗರ್ಸಿಯಿಂದ ಹಸಿರು ಸೀರೆ ಬಂದಿತ್ತು, ಜೊತೆಗೆ ಹೊಸ ಖಣದ ಕುಬಸ. ಕೇರಿಯ ಹೆಂಗಸರು ಮೈ ತೊಳೆಸಿ ತೊಡಿಸಲು ನೋಡಿದರು. ಬಲಗೈ ಮಡಿಚಿದಂತೆಯೇ ಸೆಟೆದು ನಿಂತಿತ್ತು. ಹೊಸ ಬಟ್ಟೆಯ ಬಿಗಿ ತೋಳಿನಲ್ಲಿ ಅದು ತೂರಲಿಲ್ಲ. ಒಬ್ಬಾಕೆ ಜೋರು ಮಾಡಿ ಎಳೆಯಲು ಹೋದಾಗ ಅತ್ತೆ ಅವಳ ಕೈ ಹಿಡಿದಳು.

"ಬಿಡ್ರೇ. ನೋವಾಗ್ತೈತೆ," ಎಂದಳು. ಯಾರೂ ಅವಳನ್ನು ತಿದ್ದಲಿಲ್ಲ. ಆಮೇಲೆ ನನ್ನ ಕಡೆ ನೋಡದೆ, "ಆ ಗುಂಡಿ ಕುಬಸ ತಗೊಂಡು ಬಾರವ್ವ," ಎಂದಳು.

ಮೊದಲು ಹೊಲಿದದ್ದನ್ನೇ ತಂದೆ. ಅದು ತೀರ ಮೆತ್ತಗಾಗಿತ್ತು. ಸೋತ ಕೈ ಮೊದಲು, ಎಂದು ಹೇಳಿದೆ. ಅತ್ತೆ ಹಾಗೆಯೇ ತೂರಿಸಿದಳು. ಬಟನ್ ಎಲ್ಲಿವೆಯೆಂದು ಉಳಿದವರಿಗೆ ಗೊತ್ತಿರಲಿಲ್ಲ. ಅವ್ವ ಯಾರಿಗೂ ತೋರಿಸಿರಲಿಲ್ಲ. ಎಡಪಕ್ಕೆಯ ಮೇಲೆ ಒಂದೊಂದಾಗಿ ನಾನೇ ಒತ್ತಿದೆ. ಎಲುಬಿನ ಮೇಲೆ ಸುಲಭವಾಗಿ ಕೂತವು. ಪ್ರತಿ ಸಲವೂ ಅವಳು ನನ್ನ ಕೈ ಸರಿಸಬಹುದು ಎನ್ನಿಸುತ್ತಿತ್ತು.

ಅದರ ಮೇಲೆ ತವರಿನ ಸೀರೆಯನ್ನು ಪೂರ್ತಿ ಹದಿನಾರು ಮೊಳವೂ ಸುತ್ತಿ, ತಲೆಯ ಮೇಲೆ ಸೆರಗು ಹೊದಿಸಿ ಕೂರಿಸಿದರು. ಮಠದ ಅಯ್ಯನವರು ಬಂದು ಕರಡಿಗೆ ತೆರೆದು, ಎಲ್ಲರಿಗೂ ಮಾಡುವ ಹಾಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ಅತ್ತೆ ಮಡಿಚಿದ ಬಲಗೈಯನ್ನೊಮ್ಮೆ ನೋಡಿ, ಅದರ ಮೇಲೆ ಸೆರಗು ಎಳೆದು ಮುಚ್ಚಿದಳು. ಎಡಗೈಗೆ ಈಗ ಬೇರೆ ಕೆಲಸವಿರಲಿಲ್ಲ.