ಆಯ್ತು ಅಂದವರು ಯಾರು?

ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದು ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೆಂಟರು ಬರುವುದೇ ಹಾಗೆ. ಆದರೆ ಮುಂಚಿತವಾಗಿ ಹೇಳಿ, ರೂಮು ಗೊತ್ತು ಮಾಡಿಕೊಂಡು ಬಂದವರಿಗೆ 'ನೀವು ಯಾರು' ಎಂದು ಬಾಗಿಲಲ್ಲಿ ನಿಂತು ಕೇಳಿದ್ದು ಆ ಒಂದು ವರ್ಷ ಮಾತ್ರ.

ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಅಡುಗೆ ಮಾಡುತ್ತಿದ್ದೆ. ಅದಕ್ಕೆ ಮೊದಲು ಅದೇ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದೆ. ಎಡಗಾಲಿನ ಮಂಡಿ ಕೆಟ್ಟು ಇಳಿಜಾರಿನಲ್ಲಿ ನಿಲ್ಲಲಾಗದೆ ಹೋಯಿತು. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ನಮ್ಮ ಕಡೆ ಹೋಮ್‌ಸ್ಟೇ ಎಂಬುದು ಆಗ ಶುರುವಾಗಿತ್ತು. ತೋಟದ ಅಮ್ಮೋರು, ಗಂಡ ತೀರಿಕೊಂಡ ಮೇಲೆ ಎಸ್ಟೇಟನ್ನು ತಾವೇ ನಡೆಸುತ್ತಿದ್ದವರು, ಹಳೆಯ ಬಂಗಲೆಯ ಮೂರು ರೂಮುಗಳಿಗೆ ಸುಣ್ಣ ಬಳಿಸಿ ಹೊರಗೆ ಬೋರ್ಡು ಹಾಕಿಸಿದರು. ನನ್ನನ್ನು ಕರೆದು ಒಲೆ ತೋರಿಸಿದರು. ನಾನು ಕುಣಿದಾಡಲಿಲ್ಲ, ಆದರೆ ಮಂಡಿಗೆ ಸಮಾಧಾನವಾಯಿತು.

ರೂಮು ಬೇಕಾದವರು ಕಂಪ್ಯೂಟರಿನಲ್ಲಿ ಕೇಳುವ ಹಾಗೆ ಒಂದು ವ್ಯವಸ್ಥೆ ಆಯಿತು. ಇದನ್ನು ಮಾಡಿದ್ದು ಸಕಲೇಶಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಒಬ್ಬಳು ಕ್ರಿಶ್ಚಿಯನ್ ಹುಡುಗಿ. ಅವರ ಮನೆತನ ಮಂಗಳೂರಿನ ಕಡೆಯದು, ಮಾತೂ ಆ ಕಡೆಯದೇ. ಬೆಂಗಳೂರಿನಲ್ಲಿ ಕೂತವರು ನಮ್ಮ ಪುಟ ತೆರೆದು ರೂಮು ಹಿಡಿದರೆ ಅಮ್ಮೋರ ಮೊಬೈಲಿಗೆ ಮೆಸೇಜ್ ಬರಬೇಕು. ಅಮ್ಮೋರು ನನಗೆ ಹೇಳಬೇಕು, ನಾನು ಅಕ್ಕಿ ನೆನೆಹಾಕಬೇಕು. ಇಷ್ಟೇ ಸಂಗತಿ.

ಮೆಸೇಜ್ ಬರಲೇ ಇಲ್ಲ. ಜನ ಮಾತ್ರ ಬಂದರು.

ಮೊದಲ ಸಲ ಬಂದಾಗ ಹಣ್ಣು ಕುಯ್ಯುವ ಕಾಲ. ಕಣದ ತುಂಬ ಕಾಫಿ ಒಣಗುತ್ತಿತ್ತು. ಒಂದು ವ್ಯಾನು ಅದರ ಅಂಚಿಗೇ ಬಂದು ನಿಂತಿತು. ಮುದುಕರು, ಹೆಂಗಸರು, ಮಕ್ಕಳು, ಎಲ್ಲರೂ ಹಸಿದವರು. ಮನೆಯಲ್ಲಿ ಇದ್ದದ್ದು ನಮ್ಮ ಪಾಲಿನ ಅನ್ನ, ಸೊಪ್ಪಿನ ಸಾರು. ಅದನ್ನೇ ಬಡಿಸಿ, ಅವರು ಉಣ್ಣುತ್ತಿರುವಾಗಲೇ ಹಿಟ್ಟು ಬೇಯಿಸಿ ರೊಟ್ಟಿ ತಟ್ಟಿದೆ. ಎರಡನೇ ಸಲ ಇನ್ನೂ ಅಧ್ವಾನ. ಅತಿಥಿಗಳು ಯಾರೂ ಇಲ್ಲವಲ್ಲ ಎಂದು ರೂಮಿನ ತುಂಬ ಮೆಣಸಿನ ಮೂಟೆ ಜೋಡಿಸಿದ್ದೆವು. ಬಂದ ಗಂಡಸು ಬಾಗಿಲು ತೆರೆದವನೇ ಸೀನತೊಡಗಿದ. 'ನಾವು ದುಡ್ಡು ಕೊಟ್ಟು ಗೋಡೌನಿನಲ್ಲಿ ಮಲಗಬೇಕಾ?' ಎಂದ. ಅವನದೇನೂ ತಪ್ಪಿರಲಿಲ್ಲ.

ಅಮ್ಮೋರು ಮಾನಕ್ಕೆ ಅಂಜುವ ಹೆಂಗಸು. ಆ ದಿನ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತರು.

"ಅಕ್ಕ, ಇನ್ನೊಂದ್ಸಲ ಹಿಂಗಾದ್ರೆ ನಾನು ಬೋರ್ಡ್ ಕಿತ್ತಾಕ್ತೀನಿ ಕಣೆ. ಮನೆಗೆ ಬಂದೋರ ಕೈಲಿ ಉಗಿಸ್ಕಳಾಕೆ ನಂಗಾಗಕಿಲ್ಲ."

"ನಾನೇನ್ ಮಾಡ್ಲಿ ಆವಾಗ?" ಎಂದೆ.

"ನೀನು ತೋಟಕ್ಕೆ ಹೋಗು. ಆಗ್ದಿದ್ರೆ ಆಳುಗಳ ಲೈನ್ ಮನೇಲಿ ಕೂತ್ಕೊ. ನಾನೇನ್ ಹೇಳ್ಲಿ?"

ಸಿಟ್ಟಿನಲ್ಲಿ ಹೇಳಿದ ಮಾತಲ್ಲ, ನಿರ್ಧಾರ ಮಾಡಿ ಹೇಳಿದ್ದು. ಅವರ ಸಿಟ್ಟು ನನಗೆ ಗೊತ್ತು, ಮಧ್ಯಾಹ್ನದೊಳಗೆ ಇಳಿಯುತ್ತದೆ. ಇದು ಇಳಿಯುವಂಥದ್ದಾಗಿರಲಿಲ್ಲ. ಕಂಪ್ಯೂಟರ್ ಹುಡುಗಿಯನ್ನು ಬರಹೇಳಿದ್ದಾರೆ, ಅವಳ ಕೈಯಲ್ಲೂ ಆಗದಿದ್ದರೆ ಮುಗಿಯಿತು ಎಂದು ತಿಳಿದುಕೊಂಡೆ.

ಮೆಸೇಜ್ ಬಾರದ ಕಾಯಿಲೆ ಏನು ಎಂದು ಹೇಳುವವರಿಗೆ ಬರವಿರಲಿಲ್ಲ. ಎಸ್ಟೇಟ್ ರೈಟರು, ಎಂದರೆ ಹಾಜರಿ, ತೂಕ ನೋಡುವ ಗುಮಾಸ್ತರು, ಆಫೀಸಿನ ಕಂಪ್ಯೂಟರಿಗೂ ಅವರೇ ಯಜಮಾನರು. 'ಟವರ್ ಸಿಗಾಕಿಲ್ಲ ಕಣಮ್ಮೋರೆ, ಇನ್ನೇನಿಲ್ಲ' ಎಂದರು. ಜೀಪಿನ ಡ್ರೈವರು ಕೋತಿ ತಂತಿ ಹರಿದಿದೆ ಎಂದ. ಮೊಬೈಲಿಗೆ ಯಾವ ತಂತಿ ಎಂದು ನಾನು ಕೇಳಿದೆ. ಅವನು ಜೀಪು ಒರೆಸಲು ಹೋದ.

ಹುಡುಗಿ ಬಾಡಿಗೆ ಜೀಪಿನಲ್ಲಿ ಬಂದಳು. ಆ ರಸ್ತೆಯಲ್ಲಿ ಕುಲುಕಿ ಬಂದವರು ಮೊದಲು ಅರ್ಧ ಗಂಟೆ ರಸ್ತೆಯನ್ನು ಬಯ್ಯುತ್ತಾರೆ. ಇವಳು ನೀರು ಕುಡಿದು ನೇರ ಆಫೀಸಿಗೆ ಹೋದಳು. ಕಾಫಿ ಕೊಡುವ ನೆಪದಲ್ಲಿ ನಾನೂ ಹೋದೆ, ಹೋದವಳು ಅಲ್ಲೇ ನಿಂತೆ.

"ಟವರ್ ಇಲ್ವಂತೆ," ಎಂದರು ಅಮ್ಮೋರು.

"ಹೌದಾ? ನೋಡುವ," ಎಂದು ಹುಡುಗಿ ತನ್ನ ಮೊಬೈಲಿನಿಂದ ಅಮ್ಮೋರ ಮೊಬೈಲಿಗೆ ಒಂದು ಮೆಸೇಜ್ ಕಳಿಸಿದಳು. ಮೇಲಿನ ಜಗುಲಿಯ ಕಿಟಕಿಯಲ್ಲಿ ಇಟ್ಟಿದ್ದ ಮೊಬೈಲು ಕುಂಯ್ ಎಂದಿತು. "ಟವರ್ ಉಂಟಲ್ಲ ಮಾರಾಯ್ರೆ. ಹಾಗಾದ್ರೆ ಅದನ್ನು ಬಿಡುವ."

ಅಷ್ಟೇ. ಮನೆಮಂದಿಯೆಲ್ಲ ತಿಂಗಳಿಂದ ಹಿಡಿದುಕೊಂಡು ಕೂತಿದ್ದ ಕಾರಣವನ್ನು ಅವಳು ಒಂದು ಗುಟುಕು ಕಾಫಿ ಕುಡಿಯುವುದರೊಳಗೆ ಕೆಳಗೆ ಹಾಕಿದಳು. ನನಗೆ ಅವಳ ಮೇಲೆ ಗೌರವ ಬಂದದ್ದು ಆಗಲೇ.

ಆಮೇಲೆ ಅವಳೇ ಅತಿಥಿಯ ಹಾಗೆ ಒಂದು ಸುಳ್ಳು ಹೆಸರು ಹಾಕಿ ರೂಮು ಹಿಡಿದಳು. ಲೈನು ನಿಧಾನ, ಪುಟ ತೆರೆಯುವುದರೊಳಗೆ ಹಾಲು ಉಕ್ಕಿ ಆರುತ್ತದೆ. ಅವಳು ಅವಸರ ಮಾಡಲಿಲ್ಲ, ಮೇಜು ಕುಟ್ಟಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು.

"ಏನಂತೆ ಅದು?" ಎಂದು ಕೇಳಿದೆ. ನನಗೆ ಕನ್ನಡವೇ ಕೂಡಿಸಿಕೊಂಡು ಓದುವಷ್ಟು ಬರುತ್ತದೆ, ಇಂಗ್ಲಿಷ್ ಎಲ್ಲಿಂದ ಬರಬೇಕು.

"ಓಕೆ ಅಂತ, ಅಮ್ಮ. ನಮ್ಮ ಪುಟ ಏನು ಮಾಡ್ತದೆ ಅಂದ್ರೆ, ಮೆಸೇಜ್ ಕಳಿಸುವ ಒಂದು ಕಂಪನಿ ಉಂಟು, ಅವರ ವಿಳಾಸಕ್ಕೆ ಹೋಗಿ 'ಇಂಥವರು ರೂಮ್ ತಗೊಂಡಿದ್ದಾರೆ, ಈ ನಂಬರಿಗೆ ತಿಳಿಸಿ' ಅಂತ ಹೇಳ್ತದೆ. ಅಲ್ಲಿಂದ 'ಆಯ್ತು' ಅಂತ ಉತ್ತರ ಬಂದಿದೆ."

"ಅದನ್ನೇ ಅಲ್ವಾ ನಾನೂ ಬಡ್ಕಂಡಿದ್ದು," ಎಂದರು ರೈಟರು. "ದಿನಾ ಆಯ್ತು ಅಂತಾನೇ ಬರ್ತೈತೆ. ನಮ್ ಕಡೆಯಿಂದ ಏನೂ ತಪ್ಪಿಲ್ಲ."

ನಾವು ಕಾದೆವು. ಕಿಟಕಿಯಲ್ಲಿದ್ದ ಮೊಬೈಲು ಸದ್ದು ಮಾಡಲಿಲ್ಲ.

ನಾನಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದೆ. ಆಯ್ತು ಎಂದವನನ್ನು ಇನ್ನೇನು ಕೇಳುವುದು? ಹುಡುಗಿ ಆಫೀಸಿನ ಫೋನು ಎತ್ತಿ ಬೆಂಗಳೂರಿನ ಆ ಮೆಸೇಜ್ ಕಂಪನಿಗೆ ಹಚ್ಚಿದಳು. ಅವಳ ಕಡೆಯ ಮಾತು ಮಾತ್ರ ನಮಗೆ ಕೇಳುತ್ತಿತ್ತು. ಈಗ ನಮ್ಮಿಂದ ಏನಾದರೂ ಬಂತೇ ಎಂದು ಕೇಳಿದಳು. ನಿನ್ನೆ? ಹೋದ ವಾರ? ಫೋನು ಇಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದಳು:

"ನಮ್ಮಿಂದ ಅವರಿಗೆ ಇಷ್ಟು ದಿನ ಒಂದೇ ಒಂದು ಮಾತೂ ಹೋಗಿಲ್ವಂತೆ. ಹಾಗಾದ್ರೆ ಆಯ್ತು ಅಂದವರು ಯಾರು?"

ಅಮ್ಮೋರು ನನ್ನ ಮುಖ ನೋಡಿದರು, ನಾನೇ ಅಂದಿದ್ದೇನೋ ಎಂಬಂತೆ.

ಈ ಪ್ರಶ್ನೆ ನಮ್ಮ ತಲೆಗೆ ಹೊಳೆಯುವುದಿಲ್ಲ. ನಾವು ಉತ್ತರ ಬಂತೋ ಇಲ್ಲವೋ ನೋಡುತ್ತೇವೆ, ಎಲ್ಲಿಂದ ಬಂತು ಎಂದು ನೋಡುವುದಿಲ್ಲ. ಅವಳು ಆ ಪುಟದ ಹಿಂದಿನ ಪುಟ ತೆರೆದಳು, ಸೆಟ್ಟಿಂಗ್ ಬರೆದಿಡುವ ಜಾಗವಂತೆ. ಬೆರಳಿಟ್ಟು ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು. ಮಧ್ಯದ ಒಂದು ಅಕ್ಷರದ ಗುಂಪಿನ ಮೇಲೆ ಬೆರಳು ನಿಂತಿತು.

"ಸಿಕ್ಕಿತು. ಎಂತ ಕರ್ಮ ಮಾರಾಯ್ರೆ ಇದು!"

ಅವಳು ಬಿಡಿಸಿ ಹೇಳಿದ್ದು ಹೀಗೆ. ಮೆಸೇಜ್ ಕಂಪನಿಯವರು ಎರಡು ವಿಳಾಸ ಕೊಟ್ಟಿರುತ್ತಾರೆ. ಒಂದು ನಿಜವಾದದ್ದು. ಇನ್ನೊಂದು ಕಲಿಯುವವರಿಗೆ, ಪರೀಕ್ಷೆ ಮಾಡಿ ನೋಡುವುದಕ್ಕೆ. ಅಲ್ಲಿಗೆ ಏನು ಕಳಿಸಿದರೂ 'ಆಯ್ತು' ಎನ್ನುತ್ತದೆ, ಯಾರಿಗೂ ಏನೂ ತಲುಪಿಸುವುದಿಲ್ಲ. ಗದ್ದೆಗೆ ನಿಲ್ಲಿಸಿದ ಬೆದರುಗೊಂಬೆಗೆ ಶರ್ಟು ತೊಡಿಸಿ ಅದಕ್ಕೆ ನಾಲಿಗೆಯನ್ನೂ ಕೊಟ್ಟ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮ ಪುಟ ಮೊದಲ ದಿನದಿಂದ ಆ ಗೊಂಬೆಯ ಹತ್ತಿರವೇ ಹೋಗಿ ಮಾತಾಡಿ ಬರುತ್ತಿತ್ತು.

"ಬದ್ಲಾಯಿಸ್ಬೇಕು ಅಂತ ಮೊದ್ಲೇ ಹೇಳ್ಬಾರ್ದಾಗಿತ್ತೇನಮ್ಮ?" ಎಂದರು ಅಮ್ಮೋರು.

"ಹೇಳಿದ್ದೆ ಅಲ್ವಾ ಸಾರ್ ನಿಮಗೆ?" ಎಂದು ಹುಡುಗಿ ರೈಟರ ಕಡೆ ತಿರುಗಿದಳು. "ಫೋನಿನಲ್ಲಿ? ಪರೀಕ್ಷೆ ಮುಗಿದ ಮೇಲೆ ನಿಜವಾದ ವಿಳಾಸ ಹಾಕಿ, ಆಯ್ತಾ ಅಂತ."

"ಊಂ, ಆಯ್ತು ಅಂದೆ," ಎಂದರು ರೈಟರು.

"ಮತ್ತೆ ಎರಡು ದಿನ ಬಿಟ್ಟು ಫೋನ್ ಮಾಡಿ, ಆಯ್ತಾ ಅಂತ ಕೇಳಿದೆ."

"ಆಯ್ತು, ಆಯ್ತು ಅಂತಾನೇ ಬರ್ತೈತೆ ಅಂದೆ. ಪರದೆ ಮೇಲೆ ಬರ್ತಿತ್ತಲ್ಲ, ಅದನ್ನೇ ನೋಡ್ಕಂಡು ಹೇಳ್ದೆ ಕಣ್ರೀ! ಕೆಲ್ಸ ಆಗೋಗೈತೆ, ಇನ್ಯಾಕೆ ಮುಟ್ಟೋದು ಅಂತ ಸುಮ್ಕಾದೆ."

ಮೊದಲು ನಕ್ಕವಳು ನಾನು. ಮಂಗಳೂರಿನವರು ಮಾತು ಮಾತಿಗೂ ಕೊನೆಗೊಂದು 'ಆಯ್ತಾ' ಸೇರಿಸುತ್ತಾರೆ, ತಿಳಿಯಿತೇ ಎಂಬ ಅರ್ಥದಲ್ಲಿ. ನಮ್ಮ ಹಾಸನದ ಕಡೆಯವರು ಏನು ಹೇಳಿದರೂ 'ಆಯ್ತು' ಅನ್ನುತ್ತೇವೆ, ಕೇಳಿಸಿತು, ಇನ್ನು ಬಾಯಿ ಮುಚ್ಚು ಎಂಬ ಅರ್ಥದಲ್ಲಿ. ಕೆಲಸ ಮುಗಿಯಿತು ಎನ್ನುವುದಕ್ಕೂ ಇಬ್ಬರಿಗೂ ಅದೇ ಮಾತು. ಇವಳು ಮುಗಿಯಿತೇ ಎಂದು ಕೇಳಿದಳು, ಅವರು ಪರದೆ ಓದಿ ಹೇಳಿದರು.

ಅಮ್ಮೋರು ನಗಲಿಲ್ಲ. ರೈಟರ ಕಡೆ ತಿರುಗಿದ ಅವರ ಕಣ್ಣು ಚೆನ್ನಾಗಿರಲಿಲ್ಲ. ಆಗ ಹುಡುಗಿ ಹೇಳಿದಳು:

"ಅವರನ್ನು ಬೈಬೇಡಿ ಮೇಡಂ. ಒಂದು ಮೆಸೇಜ್ ನಿಮ್ಮ ಕೈಗೆ ಬಂತಾ ಅಂತ ನಾನು ಕೇಳಬೇಕಿತ್ತು. ನಾನೂ ಬಾಯಿಮಾತು ನಂಬಿದೆ. ತಪ್ಪು ನಂದು."

ನಾನು ದೊಡ್ಡ ದೊಡ್ಡವರ ಕೈಕೆಳಗೆ ದುಡಿದಿದ್ದೇನೆ. 'ತಪ್ಪು ನಂದು' ಎಂಬ ಮಾತನ್ನು ಅಷ್ಟು ಸಲೀಸಾಗಿ, ಸೆರಗು ಕೊಡವಿದ ಹಾಗೆ ಹೇಳಿ ಮತ್ತೆ ಕೆಲಸಕ್ಕೆ ತಿರುಗಿದವರನ್ನು ಹೆಚ್ಚು ಕಂಡಿಲ್ಲ.

ಅವಳು ನಿಜವಾದ ವಿಳಾಸ ಹಾಕಿ ಮತ್ತೆ ರೂಮು ಹಿಡಿದಳು. ಈ ಸಲ ಪರದೆಯ ಮೇಲೆ ಕೆಂಪಕ್ಷರ.

"ಏನಂತೆ?"

"ಯಾರು ನೀವು, ಒಳಗೆ ಬಿಡುವುದಿಲ್ಲ ಅಂತಿದೆ."

"ಹೋಯ್ತಾ ಹಂಗಾದ್ರೆ?" ಎಂದರು ಅಮ್ಮೋರು. ನನ್ನ ಒಲೆ ಆರಿತು ಎಂದೇ ಎಣಿಸಿದೆ.

ಹುಡುಗಿಯ ಮುಖ ಮಾತ್ರ ಅರಳಿತ್ತು. "ಹೋಗ್ಲಿಲ್ಲ ಮೇಡಂ, ಬಂತು! ಬೈದರೆ ಒಳಗೆ ಯಾರೋ ಇದ್ದಾರೆ ಅಂತ ಅರ್ಥ ಅಲ್ವಾ? ಇಷ್ಟು ದಿನ ಅದೂ ಇರ್ಲಿಲ್ಲ."

ಬೈಗುಳ ಕೇಳಿ ಹಿಗ್ಗಿದವಳನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಅವಳ ಮಾತು ಸುಳ್ಳಲ್ಲ. ಖಾಲಿ ಮನೆಯ ಮುಂದೆ ನಿಂತು ಕೂಗುವುದಕ್ಕಿಂತ, ಯಾರೋ ಅದು ಎಂದು ಗದರಿಸುವವರ ಬಾಗಿಲು ಮೇಲು.

ಒಳಗೆ ಬಿಡಲು ಒಂದು ಗುರುತಿನ ಮಾತು ಹೇಳಬೇಕಂತೆ, ಕಂಪನಿಯವರು ಕೊಟ್ಟದ್ದು, ಉದ್ದನೆಯದು. ಅದನ್ನು ಹಾಕಿಯೇ ಇತ್ತು, ಆದರೂ ಬಿಡುತ್ತಿಲ್ಲ. ರೈಟರು, ಇಡೀ ಪುಟವನ್ನೇ ಅಳಿಸಿ ಹೊಸದಾಗಿ ಮಾಡಿದರೆ ಹೇಗೆ ಎಂದರು. ಅಮ್ಮೋರಿಗೂ ಅದೇ ಸರಿ ಎನಿಸಿತು.

"ಬೇಡ. ಒಟ್ಟಿಗೆ ಎಲ್ಲ ಬದಲಾಯಿಸಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತೇ ಆಗುದಿಲ್ಲ. ಒಂದೊಂದೇ ನೋಡುವ," ಎಂದಳು.

ಅವಳ ಕೆಲಸದ ರೀತಿಯೇ ಅದು. ಒಂದನ್ನು ಮುಟ್ಟುವಳು, ನೋಡುವಳು, ಅದರಿಂದಲ್ಲವಾದರೆ ಇದ್ದ ಹಾಗೇ ತಿರುಗಿ ಇಡುವಳು, ಆಮೇಲೆ ಇನ್ನೊಂದು. ಸಾರು ಕೆಟ್ಟರೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿಯುವವರೇ ಹೆಚ್ಚು. ಕೊನೆಗೆ ಸಾರೂ ಇಲ್ಲ, ಬುದ್ಧಿಯೂ ಇಲ್ಲ. ಇವಳು ಅಡುಗೆ ಕಲಿತರೆ ನನ್ನ ಕೆಲಸ ಹೋದಂತೆಯೇ ಎಂದುಕೊಂಡೆ.

ಬಾಣದ ಗುಂಡಿ ಒತ್ತುತ್ತಾ ಆ ಉದ್ದನೆಯ ಗುರುತಿನ ಮಾತಿನ ಕೊನೆಗೆ ಹೋದಳು. ಕೊನೆಯ ಅಕ್ಷರ ದಾಟಿದ ಮೇಲೂ ಮಿಣುಕುವ ಗೆರೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

"ನೋಡಿ, ಇಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿದೆ. ಕಣ್ಣಿಗೆ ಕಾಣುದಿಲ್ಲ, ಆದ್ರೆ ಅದಕ್ಕೆ ಲೆಕ್ಕ ಉಂಟು."

ಅಳಿಸಿದಳು. ಮತ್ತೆ ರೂಮು ಹಿಡಿದಳು. ಪರದೆಯ ಮೇಲೆ 'ಓಕೆ' ಬಂತು. ರೈಟರು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. "ಶ್! ಅದನ್ನು ಯಾರು ನಂಬ್ತಾರೆ ಈಗ?" ಎಂದು ಜಗುಲಿಯ ಕಡೆ ಕಿವಿ ಕೊಟ್ಟಳು.

ಮೊಬೈಲು ಕುಂಯ್ ಎಂದಿತು.

ಅಮ್ಮೋರು ಎದ್ದು ಹೋಗಿ ನೋಡಿ, ಆ ಸುಳ್ಳು ಹೆಸರನ್ನು ಅಲ್ಲಿಂದಲೇ ಕೂಗಿ ಓದಿದರು. ರೈಟರು, 'ಬಂತಾ? ಬಂದೇ ಬುಡ್ತಾ?' ಎಂದು ಕೊಟ್ಟಿಗೆಯಲ್ಲಿ ಹೊಸ ಕರು ಹುಟ್ಟಿದೆಯೋ ಎಂಬ ಹಾಗೆ ಓಡಿದರು. ಹುಡುಗಿ ಆರಿದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು ಲೋಟ ನನ್ನ ಕೈಗೆ ಕೊಟ್ಟಳು. "ಚೆನ್ನಾಗಿತ್ತು ಅಮ್ಮ," ಎಂದಳು. ತಣ್ಣಗಾದ ಕಾಫಿ ಚೆನ್ನಾಗಿರುವುದಿಲ್ಲ, ಅದು ನನಗೂ ಗೊತ್ತು. ಅವಳಿಗೆ ಮೀನಿನ ಸಾರು, ಕಡುಬು ಬಡಿಸಿ ಕಳಿಸಿದೆ.

ಅಮ್ಮೋರು ಮಾತ್ರ ಆ ದಿನ ಬೋರ್ಡಿನ ವಿಷಯ ಎತ್ತಲಿಲ್ಲ. ಸುಳ್ಳು ಅತಿಥಿಯ ಮೆಸೇಜ್ ಬಂದದ್ದು ಅವರಿಗೆ ಸಾಲದು, ನಿಜವಾದವರು ಬರಬೇಕು. ನಾನೂ ಕೇಳಲಿಲ್ಲ. ಕೇಳಿ ಇಲ್ಲ ಎನ್ನಿಸಿಕೊಳ್ಳುವುದಕ್ಕಿಂತ ಪಾತ್ರೆ ತಿಕ್ಕುವುದು ವಾಸಿ.

ಆಮೇಲೊಂದು ದಿನ ಬೆಳಿಗ್ಗೆ ಮೊಬೈಲು ಕೂಗಿತು. ಮಂಗಳೂರಿನಿಂದ ಒಂದು ಸಂಸಾರ, ಶನಿವಾರ ಮಧ್ಯಾಹ್ನದ ಊಟಕ್ಕೆ ಎಂದಿತ್ತು. ಶನಿವಾರ ಅಮ್ಮೋರು ಊಟದ ಹೊತ್ತಿಗೆ ಮುಂಚೆಯೇ ಗೇಟಿನ ಹತ್ತಿರ ಹೋಗಿ ನಿಂತರು. ಕಾರು ಬಂತು. ಇಳಿದವರಿಗೆ ಅವರು ಹೆಸರು ಹಿಡಿದು 'ಬನ್ನಿ' ಎಂದದ್ದು ಅಡುಗೆಮನೆಗೂ ಕೇಳಿಸಿತು. ಬಿಸಿ ಕಡುಬು ಇಳಿಸಿ ಇಟ್ಟಿದ್ದೆ. ಬಂದವರು ತಿಂದದ್ದೇ ತಿಂದದ್ದು, ಬಡಿಸಿ ಪೂರೈಸಲಾಗದೆ ಚಿಕ್ಕ ಪಾತ್ರೆಯಲ್ಲೇ ಎರಡು ಸಲ ಒಬ್ಬೆ ಇಟ್ಟು ಬೇಯಿಸಬೇಕಾಯಿತು.

ಸೋಮವಾರ ಅಮ್ಮೋರು ಸಕಲೇಶಪುರಕ್ಕೆ ಹೋದವರು ಜೀಪಿನ ಹಿಂದೆ ದೊಡ್ಡದೊಂದು ಕಡುಬಿನ ಪಾತ್ರೆ ಹೇರಿಸಿಕೊಂಡು ಬಂದರು. ಅದನ್ನು ಒಲೆಯ ಪಕ್ಕ ಇಳಿಸಿ, ಮುಚ್ಚಳ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡು ಎಂದು ಹೇಳಿ ಒಳಗೆ ಹೋದರು. ಬೋರ್ಡು ಕೀಳುವ ಮನಸ್ಸಿದ್ದವರು ಅಂಥ ಪಾತ್ರೆ ತರುವುದಿಲ್ಲ. ಮುಚ್ಚಳ ಸರಿಯಾಗಿಯೇ ಕೂತಿತು.