ಲೋಕಶಾಂತಿಯ ಜೊತೆಗೆ ನನ್ನ ಹಾಸಿಗೆ

ನ್ಯಾಮತಿಯ ಅಕ್ಕನ ಮನೆ ಕಾಂಪೌಂಡಿನ ಮೇಲೆ ಇವತ್ತು ಚಿಕ್ಕ ಹಾಸಿಗೆಯೊಂದು ಒಣಗುತ್ತಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗನಾಗಿ ಜಗಳೂರಿನ ನಮ್ಮ ಚರ್ಚಿನ ಸಭೆಯ ಚಾಪೆಯ ಮೇಲಿದ್ದೆ.

ಭಾನುವಾರದ ಆರಾಧನೆಯ ಕೊನೆಗೆ ಹಿರಿಯರೊಬ್ಬರು ಎದ್ದು ಲೋಕಕ್ಕಾಗಿ, ದೇಶಕ್ಕಾಗಿ, ಸಭೆಗಾಗಿ ಪ್ರಾರ್ಥಿಸುವುದು ರೂಢಿ. ಅಂದು ನಮ್ಮಜ್ಜಿಯ ಸರದಿ. ದೇವರಿಗೆ ಕಿವಿ ಮಂದವೇನೋ ಎಂಬಂತೆ ಕೂಗಿ ಪ್ರಾರ್ಥಿಸುವವಳು ಅವಳು.

“ಕರ್ತನೇ, ಲೋಕದಾಗೆ ಯುದ್ಧ ನಿಲ್ಲಿಸಪ್ಪ. ದೇಶ ಆಳೋರಿಗೆ ಬುದ್ಧಿ ಕೊಡಪ್ಪ. ನಮ್ಮ ಸಭೆಯೋರನ್ನ ಒಗ್ಗಟ್ಟಾಗಿಡಪ್ಪ. ನಮ್ಮ ಪ್ರಕಾಶ ಇನ್ನೂ ಹಾಸಿಗ್ಯಾಗೆ ಉಚ್ಚೆ ಹೊಯ್ಕಂತಾನೆ, ಅದನ್ನೂ ನಿಲ್ಲಿಸಪ್ಪ.”

ಇಡೀ ಸಭೆ ಪರಮ ಗಾಂಭೀರ್ಯದಿಂದ “ಆಮೆನ್” ಎಂದಿತು. ಯುದ್ಧಕ್ಕೂ ಅಷ್ಟು ಜೋರಾಗಿ ಅಂದಿರಲಿಲ್ಲ. ನಾನು ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಾ ಕೂತೆ. ಮುಂದಿನ ವಾರ ಬಾಗಿಲಲ್ಲೇ ಪಾಸ್ಟರಮ್ಮ ಎಲ್ಲರೆದುರು ಕೇಳಿದರು, “ಹೆಂಗೈತಪ್ಪ ಈಗ?” ನೆಲ ಬಿರಿಯಬಾರದೇ ಅನ್ನಿಸಿತು.

“ಈ ಭಾನುವಾರ ಪ್ರಾರ್ಥನೆ ನಿಂದೇ ಅಲ್ವಾ? ನನ್ನ ಮಗನ ವಿಷಯಾನೂ ಸೇರಿಸ್ಕೊಳೋ,” ಎಂದು ಅಕ್ಕ ಒಳಗಿನಿಂದ ಕೂಗಿದಾಗ ನ್ಯಾಮತಿಗೆ ಮರಳಿದೆ. ಬಾಗಿಲ ಹಿಂದೆ ಆ ಹುಡುಗ, ಬೇಡ ಎನ್ನುವಂತೆ ನನಗೇ ಕೈಮುಗಿದು ನಿಂತಿದ್ದ.

“ಮನಸಿನಾಗೇ ಹೇಳ್ತೀನಿ ಬಿಡಕ್ಕ,” ಎಂದೆ. ಹಾಗೆನ್ನುವಾಗ ಕೆಂಪಾಗಿದ್ದು ಹುಡುಗನದಲ್ಲ, ನನ್ನ ಕಿವಿ.