ತೊಳೆಯದ ಗಡಿಗೆ

ಗಡಿಗೆಯ ಮುಚ್ಚಳ ತೆಗೆದ ಕೂಡಲೇ ಹುಳಿ ಹಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. "ಅತ್ತಿ, ಇವತ್ತು ಪಸ್ಕದ ಗುರುವಾರ. ಚೆಲ್ಲಿ ಬಿಸಿನೀರಾಗ ತೊಳೀಲೇನು?" ಎಂದು ಸೊಸೆ ಕೇಳಿದಳು. ಬೇಡ ಎಂದೆ. ಪ್ರತಿ ವರ್ಷ ಅವಳು ಕೇಳುತ್ತಾಳೆ, ಪ್ರತಿ ವರ್ಷ ನಾನು ಬೇಡ ಎನ್ನುತ್ತೇನೆ. ಅವಳಿಗೆ ಅದು ದೋಸೆ ಹಿಟ್ಟು. ನನಗೆ ಆ ವಾಸನೆಯೆಂದರೆ ದಾಸನಕೊಪ್ಪದಾಚೆ ನಮ್ಮ ಕೇರಿಯಲ್ಲಿದ್ದ ಮಣ್ಣಿನ ಗೋಡೆಯ ಮನೆ, ಒಲೆಯ ಪಕ್ಕ ಕೂತ ಅವ್ವ, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಹಂಚು. ಆ ಮನೆ ಬಿದ್ದುಹೋಗಿ, ಅದೇ ಜಾಗದಲ್ಲಿ ಮಗ ಸಿಮೆಂಟಿನ ಮನೆ ಕಟ್ಟಿದ್ದಾನೆ. ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಬೈಬಲು ಓದುವಷ್ಟು. ಚಂದ ಮಾಡಿ ಬರೆಯಲು ಬಾರದು. ನಡೆದದ್ದನ್ನು ಬರೆಯಬಲ್ಲೆ.

ನಮ್ಮ ಕೇರಿಯಲ್ಲಿ ಕ್ರೈಸ್ತರದ್ದು ಎಂಟು ಮನೆ. ಮುತ್ತಜ್ಜನ ಕಾಲದಲ್ಲಿ ಧಾರವಾಡದ ಕಡೆಯಿಂದ ಬಂದವರಂತೆ. ಪಸ್ಕ ಅಂದರೆ ನಮಗೆ ದೊಡ್ಡ ಹಬ್ಬ. ಐಗುಪ್ತದಲ್ಲಿ ಇಸ್ರಾಯೇಲರು ಕುರಿಮರಿಯ ರಕ್ತವನ್ನು ಬಾಗಿಲ ಕಂಬಕ್ಕೆ ಹಚ್ಚಿದರು, ಸಾವು ಆ ಮನೆಗಳನ್ನು ದಾಟಿ ಮುಂದೆ ಹೋಯಿತು, ಹಚ್ಚದ ಮನೆಯ ಚೊಚ್ಚಲ ಮಕ್ಕಳು ಸತ್ತರು. ಹಿಟ್ಟು ಹುಳಿ ಬರುವ ತನಕ ಕಾಯಲು ವೇಳೆ ಇರಲಿಲ್ಲ, ಹುಳಿಯಿಲ್ಲದ ರೊಟ್ಟಿ ಕಟ್ಟಿಕೊಂಡು ಹೊರಟರು. ನಮ್ಮ ಪಾಲಿಗೆ ಆ ಕುರಿಮರಿ ಯೇಸುಸ್ವಾಮಿ, ನಮ್ಮ ಬದಲು ಆತ ಸತ್ತ ಎಂದು ಚರ್ಚಿನ ಅಯ್ಯನವರು ಪ್ರತಿ ವರ್ಷ ಹೇಳುತ್ತಿದ್ದರು. ಆದ್ದರಿಂದ ಬುಧವಾರ ಎಂಟೂ ಮನೆಯ ಹೆಂಗಸರು ಹುಳಿ ಹಿಟ್ಟು, ಹುಳಿ ಮಜ್ಜಿಗೆ ಎಲ್ಲವನ್ನೂ ಹುಣಸೆಮರದ ಬುಡದ ಗುಂಡಿಗೆ ಸುರಿದು, ಗಡಿಗೆಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಗುರುವಾರ ಮಧ್ಯಾಹ್ನ, ಸಂಜೆ ಚರ್ಚಿನಲ್ಲಿ ಎಲ್ಲರಿಗೂ ಮುರಿದು ಹಂಚುವ ಕರ್ತನ ಮೇಜಿನ ರೊಟ್ಟಿಯನ್ನು ನಮ್ಮವ್ವ ಸುಂದರವ್ವ ಸುಡುತ್ತಿದ್ದಳು. ಗೋಧಿ ಹಿಟ್ಟು, ನೀರು, ಚಿಟಿಕೆ ಉಪ್ಪು, ಅಷ್ಟೇ. ಅವಳ ರೊಟ್ಟಿ ಮುರಿದರೆ ಒಣಗಿದ ಎಲೆ ಮುರಿದ ಸದ್ದು ಬರುತ್ತಿತ್ತು. ಆ ಸದ್ದಿಗೆ ಚರ್ಚಿನಲ್ಲಿ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಅದು ಪ್ರಾರ್ಥನೆಗೋ ಅವ್ವನ ರೊಟ್ಟಿಗೋ ನನಗೆ ಈಗಲೂ ಗೊತ್ತಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಅಣ್ಣ ಯೋಸೇಫನಿಗೆ ಜ್ವರ ಬಂತು. ಮನೆಗೆ ಚೊಚ್ಚಲ ಮಗ, ಹನ್ನೆರಡು ವರ್ಷ. ಅಪ್ಪ ಯಲ್ಲಾಪುರದ ಕಡೆ ಮರ ಕೊಯ್ಯುವ ಕೆಲಸಕ್ಕೆ ಹೋಗಿದ್ದ, ಮಳೆಗಾಲ ಹಿಡಿದ ಮೇಲೇ ಮನೆಗೆ ಬರುವವನು. ಅವ್ವ ಅಣ್ಣನನ್ನು ಹೊತ್ತು ಸಿರಸಿಯ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಳು. ಜ್ವರ ಇಳಿಯಲಿಲ್ಲ. ಕಡೆಗೆ ಎಕ್ಕಂಬಿ ಕಡೆಯ ಒಬ್ಬ ಮುದುಕಿ ಮಂತ್ರಿಸಿ ಕೊಟ್ಟ ಕರಿ ದಾರವನ್ನು ತಂದು ಅವನ ತೋಳಿಗೆ ಕಟ್ಟಿದಳು. ಮೂರನೇ ದಿನ ಅಣ್ಣ ಸತ್ತ. ಹೆಣ ತೊಳೆಯಲು ಬಂದವರಲ್ಲಿ ಸಭೆಯ ಹಿರಿಯ ಸಮುವೇಲಪ್ಪನ ಹೆಂಡತಿ ಕರುಣವ್ವ ಇದ್ದಳು. ತೋಳಿನ ದಾರ ನೋಡಿದಳು. ಕುಡುಗೋಲಿನ ತುದಿಯಿಂದ ಕತ್ತರಿಸಿ ಸೆರಗಿನ ಗಂಟಿಗೆ ಹಾಕಿಕೊಂಡಳು. ನಮ್ಮ ಮನೆಯಲ್ಲಿ ಅಳುತ್ತ ಕೂತವಳು ಅದನ್ನು ಒಯ್ದು ಗಂಡನ ಕೈಗೆ ಕೊಟ್ಟಳು.

ಪಸ್ಕಕ್ಕೆ ಮುಂಚಿನ ಭಾನುವಾರ ಸಮುವೇಲಪ್ಪ ಆ ದಾರವನ್ನು ಎಲ್ಲರೆದುರು ಎತ್ತಿ ತೋರಿಸಿದ. ಮಂತ್ರಕ್ಕೆ ಮೊರೆಹೋದ ಸುಂದರವ್ವ ಇನ್ನು ಹಿಂದಿನ ಬೆಂಚಿಗೆ ಕೂಡಬೇಕು, ಕರ್ತನ ಮೇಜಿಗೆ ಬರಕೂಡದು, ರೊಟ್ಟಿಯನ್ನು ಕರುಣವ್ವ ಮಾಡುತ್ತಾಳೆ ಎಂದ. ಅವ್ವ ಅಳಲಿಲ್ಲ. "ಹಿರೇರ, ದಾರ ಕಟ್ಟಿದ್ದು ನನ್ನ ತಪ್ಪು, ಒಪ್ಪಿದೆ. ಒಂದು ಮಾತು ಹೇಳ್ರಿ. ದಾರ ಕಟ್ಟೂಕಿಂತ ಮೊದಲ ಎರಡು ವಾರ ನನ್ನ ಮಗ ಜ್ವರದಾಗ ಬಿದ್ದಿದ್ದ. ಆವಾಗ ಸಾವು ನಮ್ಮನಿ ದಾಟಿ ಯಾಕ ಹೋಗಲಿಲ್ಲ?" ಎಂದು ಕೇಳಿದಳು. ಸಮುವೇಲಪ್ಪ ಹಾಡು ಹೇಳಿರಿ ಎಂದ. ಎಲ್ಲರೂ ಎದ್ದು ನಿಂತು ಹಾಡಿದರು.

ಆ ಬುಧವಾರ ಅವ್ವ ಹುಣಸೆಮರದ ಬುಡಕ್ಕೆ ಹೋಗಲಿಲ್ಲ. "ಮೇಜಿಗೆ ಕರಿಸಿಕೊಂಡವರು ತೊಳಕೊಳ್ಳಲಿ. ನಮ್ಗ್ಯಾಕವ್ವಾ?" ಎಂದು ಗಡಿಗೆಯ ಮೇಲೆ ಮುಚ್ಚಳ ಹಾಕಿ ಮಲಗಿದಳು. ಗುರುವಾರ ಬೆಳಿಗ್ಗೆ ಕರುಣವ್ವ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ. "ಸುಂದ್ರವ್ವಾ, ನಿನ್ನ ಹಂಚು ಹುಡುಗಿ ಕೈಲಿ ಕಳಸು. ನಮ್ಮ ಹಂಚಿಗೆ ರೊಟ್ಟಿ ಹತ್ತತೈತಿ" ಎಂದಳು. ನೋಡಿ, ಕೈ ಬೇಡ, ಹಂಚು ಬೇಕು. ಅವ್ವ ಹಂಚನ್ನು ಒರೆಸಿ ನನ್ನ ತಲೆಯ ಮೇಲಿಟ್ಟಳು. ಅವಳು ಬೆನ್ನು ತಿರುಗಿಸಿದಾಗ ನಾನು ತೆಂಗಿನ ಕರಟದ ತುಂಬ ಹುಳಿ ಹಿಟ್ಟು ಮೊಗೆದು ಲಂಗದ ಮಡಿಕೆಯಲ್ಲಿ ಹಿಡಿದುಕೊಂಡೆ. ನಾನು ಅವಳ ಮನೆ ಮುಟ್ಟಿದಾಗ ಕರುಣವ್ವ ಆಗಲೇ ಗೋಧಿ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ, ಸ್ನಾನಕ್ಕೆ ಹೋಗಿದ್ದಳು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಾನು ಬಟ್ಟೆ ಎತ್ತಿ ಕರಟವನ್ನು ಬೋರಲು ಹಾಕಿದೆ, ಎರಡೂ ಕೈಯಲ್ಲಿ ಕಲಸಿದೆ, ಮೇಲೆ ಒಂದು ಹಿಡಿ ಒಣ ಹಿಟ್ಟು ಹಾಕಿ ಮತ್ತೆ ನಾದಿ ಮುಚ್ಚಿದೆ. ಅಷ್ಟು ಖುಷಿಯಿಂದ ನಾನು ಬದುಕಿನಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ. ಅವಳು ಎಂಟು ಮನೆಯ ಮುಂದೆ ನಾಚಿ ಸಾಯಬೇಕು, ಅಷ್ಟೇ ನನಗೆ ಬೇಕಿತ್ತು.

ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಚರ್ಚು ತುಂಬಿತ್ತು. ಅವ್ವ, ನಾನು ಕಡೆಯ ಬೆಂಚು. ಅಯ್ಯನವರು ರೊಟ್ಟಿ ಎತ್ತಿ ಮುರಿದರು. ಸದ್ದು ಬರಲಿಲ್ಲ. ಹಳೇ ಬಟ್ಟೆಯ ಹಾಗೆ ಹರಿಯಿತು. ಒಳಗೆಲ್ಲ ತೂತು ತೂತು. ವಾಸನೆ ಕಡೆಯ ಬೆಂಚಿನ ತನಕ ಬಂತು. ನಾನು ಕರುಣವ್ವನ ಮುಖ ನೋಡಿದೆ. ನಾಚಿಕೆ ಕಾಣಲಿಲ್ಲ. ಅವಳು ಎದ್ದು ನಿಂತು, "ನಾ ಚೊಕ್ಕ ಹಿಟ್ಟು ನಾದೀನಿ, ಅಯ್ಯನೋರ. ಕೇರ್ಯಾಗ ಯಾರ ಗಡಿಗಿ ತೊಳದಿಲ್ಲ, ಅವರನ್ನ ಕೇಳ್ರಿ" ಎಂದಳು. ಏಳು ಮನೆಯ ಕತ್ತುಗಳು ಒಟ್ಟಿಗೆ ತಿರುಗಿದವು. ಅಲ್ಲಿಯವರೆಗೆ ನನ್ನ ಹುಚ್ಚು ತಲೆಗೆ ಅದು ಹೊಳೆದಿರಲಿಲ್ಲ. ಕೇರಿಗೆಲ್ಲ ಹುಳಿ ಉಳಿದದ್ದು ನಮ್ಮೊಬ್ಬರ ಮನೆಯಲ್ಲಿ. ನಾನು ಏಳಲು ಹೋದೆ. ಅವ್ವ ನನ್ನ ನೆತ್ತಿಯ ಮೇಲೆ ಅಂಗೈ ಒತ್ತಿ ಕೂರಿಸಿ ತಾನೇ ಎದ್ದಳು.

"ನಾನ ಹಾಕೀನ್ರಿ" ಎಂದಳು.

ಬೈದರು. ಒಬ್ಬ ಮುದುಕ ಉಗುಳಿದ. ಇನ್ನು ಸಾಯುವ ತನಕ ಮೇಜಿಲ್ಲ ಎಂದು ಸಮುವೇಲಪ್ಪ ತೀರ್ಪು ಕೊಟ್ಟ. ಅಯ್ಯನವರು ಹರಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಮನೆಗೆ ಬಂದ ಮೇಲೆ ಅವ್ವ ಹೊಡೆಯುತ್ತಾಳೆಂದು ನಾನು ಮೂಲೆ ಹಿಡಿದೆ. "ಬಾ ಇಲ್ಲಿ. ಉಗುರು ತೋರ್ಸು" ಎಂದಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿ ಕೂತಿತ್ತು. ಹೊಸ್ತಿಲ ಮೇಲೆ ಕೂರಿಸಿಕೊಂಡು, ಕಾರೆ ಮುಳ್ಳಿನಿಂದ ಒಂದೊಂದೇ ಉಗುರನ್ನು ಕೆದಕಿ ತೆಗೆದಳು. ನಾನು ಯಾಕವ್ವ ಹಂಗ ಹೇಳಿದಿ ಎಂದು ಕೇಳಿದೆ. ಅವಳು ಬಾಗಿಲ ಕಂಬವನ್ನು ನೋಡುತ್ತ, "ಮಗನ್ನ ದಾಟಿ ಹೋಗಲಿಲ್ಲ. ಮಗಳನ್ನರೆ ದಾಟಿ ಹೋಗಲಿ" ಎಂದಳು. ಪಸ್ಕದ ಅರ್ಥವನ್ನು ನನಗೆ ಯಾರಾದರೂ ಹೇಳಿಕೊಟ್ಟಿದ್ದರೆ ಅವಳೇ, ಆ ಹೊಸ್ತಿಲ ಮೇಲೆ.

ಅಲ್ಲಿಂದ ಮೂವತ್ತೊಂದು ವರ್ಷ ಅವ್ವ ಕಡೆಯ ಬೆಂಚಿನಲ್ಲಿ ಕೂತಳು. ಒಂದು ಭಾನುವಾರವೂ ತಪ್ಪಿಸಲಿಲ್ಲ. ರೊಟ್ಟಿ ಬರುವಾಗ ತಟ್ಟೆ ಅವಳ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ನಾನು ದೊಡ್ಡವಳಾದೆ, ಮದುವೆಯಾದೆ, ನಿಜ ಹೇಳುತ್ತೇನೆಂದು ಹತ್ತು ಸಲ ಹೊರಟೆ. ಪ್ರತಿ ಸಲವೂ, "ಹೇಳಿದ್ರ ನಾ ಕೂತದ್ದೆಲ್ಲಾ ನೀರಾಗ ಹೋದಂಗ" ಎಂದು ತಡೆದಳು. ಹಂಚನ್ನು ಕರುಣವ್ವ ವಾಪಸು ಕೊಡಲೇ ಇಲ್ಲ. ಅವ್ವ ಕೇಳಲೂ ಇಲ್ಲ. ಅವಳು ಸತ್ತ ಮೇಲೆ ಮಣ್ಣಿನ ಮನೆಯ ಗೋಡೆಗಳು ಒಂದೊಂದೇ ಕುಸಿದವು. ನಾನು ಉಳಿಸಿಕೊಂಡದ್ದು ಗಡಿಗೆ ಒಂದೇ.

ಈಗ ರೊಟ್ಟಿ ಸುಡುವುದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಚರ್ಚಿನ ಪಕ್ಕದ ಕೋಣೆಯಲ್ಲಿ, ಚರ್ಚಿನ ಪಾತ್ರೆಯಲ್ಲೇ ನಾದುತ್ತೇನೆ. ಹೋದ ವರ್ಷ ಪಸ್ಕದ ಗುರುವಾರ ಹೊಸ ಅಯ್ಯನವರು, ಚಿಕ್ಕ ವಯಸ್ಸಿನವರು, "ಅಜ್ಜಿ, ಕರುಣವ್ವಜ್ಜಿ ಹಾಸಿಗಿ ಹಿಡದಾರ. ಅವರಿಗೂ ಕೊಟ್ಟು ಬರೂಣು ಬರ್ರಿ" ಎಂದರು. ಹೋದೆ. ತೊಂಬತ್ತು ದಾಟಿದ ಹೆಂಗಸು, ಸಮುವೇಲಪ್ಪ ಎಂದೋ ಸತ್ತಿದ್ದಾನೆ. ಮಂಚದ ಮೇಲೆ ಒಂದು ಹಿಡಿಯಷ್ಟಾಗಿದ್ದಳು. ಅಯ್ಯನವರು ಪ್ರಾರ್ಥನೆ ಮುಗಿಸಿ, ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನು ದ್ರಾಕ್ಷಿ ರಸದಲ್ಲಿ ನೆನೆಸಿ ಹಾಕಿರಿ ಎಂದು ತುಂಡನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಅವರ ಫೋನು ಕೂಗಿತು, ಅಂಗಳಕ್ಕೆ ಹೋದರು. ಇದೇ ಹೊತ್ತು ಎಂದುಕೊಂಡೆ. ಅವ್ವ ಹೋದಳು, ಇನ್ನು ನನ್ನನ್ನು ತಡೆಯುವವರಿಲ್ಲ. ಈ ಮುದುಕಿ ಇಷ್ಟು ವರ್ಷ ತಾನು ನ್ಯಾಯ ಮಾಡಿದೆನೆಂದು ನೆಮ್ಮದಿಯಿಂದಿದ್ದಾಳೆ, ಆ ನೆಮ್ಮದಿಯನ್ನು ಕಿತ್ತುಕೊಂಡೇ ಕಳಿಸಬೇಕು. ಕಿವಿಯ ಹತ್ತಿರ ಬಗ್ಗಿ, "ಕರುಣವ್ವಾ, ಅವತ್ತು ಹುಳಿ ಹಾಕಿದ್ದು ನಮ್ಮವ್ವ ಅಲ್ಲ. ನಾನು" ಎಂದೆ.

ಅವಳು ಕಣ್ಣು ತೆರೆದಳು. "ಗೊತ್ತೈತಿ ಬಿಡ. ಹಂಚು ತಂದಾಕಿ ನೀನ."

"ಆವಾಗ್ಲೇ ಗೊತ್ತಿತ್ತೇನು?"

"ಮೊದಲನೇ ರೊಟ್ಟಿ ಹಂಚಿಗೆ ಹಾಕಿದ ಕೂಡ್ಲೆ ವಾಸನಿ ಬಂತು. ಬ್ಯಾರೆ ನಾದಬಹುದಿತ್ತು. ನಾದಲಿಲ್ಲ."

"ಯಾಕ?"

"ಎಲ್ಲಾರೂ ಸುಂದ್ರವ್ವನ ರೊಟ್ಟಿ, ಸುಂದ್ರವ್ವನ ರೊಟ್ಟಿ ಅಂತಿದ್ರು. ಕೇಳಿ ಕೇಳಿ ಸಾಕಾಗಿತ್ತು." ಇಷ್ಟು ಹೇಳಿ ಹಕ್ಕಿ ಮರಿಯ ಹಾಗೆ ಬಾಯಿ ತೆರೆದಳು.

ಗೊತ್ತಿದ್ದೂ ಹುಳಿ ರೊಟ್ಟಿಯನ್ನು ದೇವರ ಮುಂದೆ ಹೊತ್ತು ತಂದಿದ್ದಳು, ನನ್ನ ಅವ್ವನನ್ನು ಕೆಡವಲು. ತುಂಡನ್ನು ತಟ್ಟೆಗೆ ವಾಪಸು ಇಡಬಹುದಿತ್ತು. ಇಡಲಿಲ್ಲ. ನೆನೆಸಿ ಅವಳ ನಾಲಿಗೆಯ ಮೇಲಿಟ್ಟೆ. ಕ್ಷಮಿಸಿದೆ ಎಂದು ತಿಳಿಯಬೇಡಿ. ಸುಂದರವ್ವನ ಮಗಳ ಕೈಯ ರೊಟ್ಟಿ ನುಂಗಿಕೊಂಡೇ ಹೋಗಲಿ, ಬೇರೆ ರೊಟ್ಟಿ ಅವಳಿಗೆ ಸಿಗದಿರಲಿ ಎಂದು ಇಟ್ಟೆ. ಅವಳು ಬಹಳ ಹೊತ್ತು ಚೀಪಿದಳು. "ಅಕಿದೇ ರುಚಿ" ಎಂದಳು. ಹೊರಡುವಾಗ ಹಿತ್ತಲಲ್ಲಿ ಕೋಳಿಗೂಡಿನ ಬಾಯಿಗೆ ಮುಚ್ಚಿದ್ದ ಹಂಚು ಕಂಡಿತು. ಯಾರನ್ನೂ ಕೇಳಲಿಲ್ಲ, ಎತ್ತಿ ತಲೆಯ ಮೇಲಿಟ್ಟುಕೊಂಡು ಬಂದೆ. ಕರುಣವ್ವ ಮಳೆಗಾಲ ನೋಡಲಿಲ್ಲ.

ಹಳೇ ಹುಳಿಯನ್ನು ತೆಗೆದುಹಾಕಿರಿ, ಅದು ಹಗೆತನದ ಹುಳಿ ಎಂದು ಅಯ್ಯನವರು ಈ ಸಲವೂ ಹೇಳಿದರು. ಸರಿಯಾಗಿಯೇ ಹೇಳಿದರು. ಈ ವರ್ಷದ ರೊಟ್ಟಿಯನ್ನು ಅವ್ವನ ಹಂಚಿನ ಮೇಲೆ ಸುಟ್ಟೆ. ಅಯ್ಯನವರು ಮುರಿದಾಗ ಆ ಒಣ ಎಲೆಯ ಸದ್ದು ಬಂತು, ಜನ ತಲೆ ತಗ್ಗಿಸಿದರು. ನಾನು ಕಡೆಯ ಬೆಂಚಿನಲ್ಲಿ, ಗೋಡೆಯ ಕಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆ. ತಟ್ಟೆ ಬಂತು. ತೆಗೆದುಕೊಳ್ಳದೆ ಮುಂದಕ್ಕೆ ಕಳಿಸಿದೆ. ನನ್ನ ಮನೆಯಲ್ಲಿ ಗಡಿಗೆ ಇನ್ನೂ ತೊಳೆದಿಲ್ಲ.